ಕಾಲಿನ ಜೋಮನ್ನು ಹಗುರವಾಗಿ ಕಾಣಬೇಡಿ

ಕಾಲು ಜೋಮು ಹಿಡಿದರೆ ಯಾರು ತಾನೇ ಹೆದರುತ್ತಾರೆ, ಹೇಳಿ? ಕೊಡವಿಕೊಂಡು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅದಕ್ಕೇ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ನಾದಿನಿಗೆ 32 ವರ್ಷ. ಒಂದು ಸಂಜೆ, "ಅತ್ತಿಗೆ, ಕಾಲೆಲ್ಲಾ ಜೋಮು. ಹೊಟ್ಟೆಗೆ ಪಟ್ಟಿ ಬಿಗಿದ ಹಾಗಿದೆ" ಅಂದಳು. ವಾಯು ಇರಬೇಕೆಂದು ಓಮದ ಕಷಾಯ ಕೊಟ್ಟೆ, ಎಣ್ಣೆ ತಿಕ್ಕಿದೆ. ಮೂರನೆಯ ದಿನ ಎದ್ದು ನಿಲ್ಲಲಾರಳು, ಮೂತ್ರವೂ ಕಟ್ಟಿತು. ಆಗ ಆಸ್ಪತ್ರೆಗೆ ಓಡಿದೆವು.

ಎಂಆರ್‌ಐ ಮಾಡಿಸಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ ಡಾಕ್ಟರು "ಟ್ರಾನ್ಸ್‌ವರ್ಸ್ ಮೈಲೈಟಿಸ್" ಎಂದರು. ಅಂದರೆ ಬೆನ್ನುಹುರಿಯ ಉರಿಯೂತ. ರೋಗಾಣುಗಳನ್ನು ಹೊಡೆಯಬೇಕಾದ ದೇಹದ ರಕ್ಷಣಾಶಕ್ತಿಯೇ ಬೆನ್ನುಹುರಿಯ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ಐದು ದಿನ ದಿನಕ್ಕೆ 1 ಗ್ರಾಂನಂತೆ ಸ್ಟಿರಾಯ್ಡ್ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟರು. ಅದಕ್ಕೆ ಬಗ್ಗದಿದ್ದರೆ ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯೂ ಇದೆ. ಕೆಲವರಿಗೆ ಈ ಕಾಯಿಲೆ ಮರುಕಳಿಸುತ್ತದೆ. ಅಂಥದ್ದನ್ನು ಗುರುತಿಸಲು ನೆರವಾಗುವ ರಕ್ತಪರೀಕ್ಷೆ 2004ರಿಂದ ಈಚೆಗೆ ಬಂದಿದೆ. ಅವರು ವರ್ಷಗಟ್ಟಲೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳಬೇಕು. ಹಾಯೆನಿಸಿತೆಂದು ನಾವೇ ನಿಲ್ಲಿಸಬಾರದು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ನಮ್ಮ ಪಾಲಿನ ಕೆಲಸ! ಹಾಸಿಗೆಹುಣ್ಣು ಆಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಅಲಾರಂ ಇಟ್ಟು ಏಳುತ್ತಿದ್ದೆ. 4ರಿಂದ 6 ಗಂಟೆಗೊಮ್ಮೆ, ಕೈ ಸೋಪಿನಲ್ಲಿ ತೊಳೆದು, ಸಣ್ಣ ನಳಿಗೆಯಿಂದ ಮೂತ್ರ ತೆಗೆಯುವುದನ್ನು ನರ್ಸಮ್ಮ ಅವಳಿಗೇ ಕಲಿಸಿದ್ದರು. ಮೊದಮೊದಲು ನಾಚಿಕೆಯಿಂದ ಅತ್ತಳು. ಆಮೇಲೆ ಅದೇ ಅವಳಿಗೆ ಸ್ವಾತಂತ್ರ್ಯವಾಯಿತು. ಕೀಲು ಬಿಗಿಯದಂತೆ ದಿನಕ್ಕೆರಡು ಸಲ ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಪಾದ ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಟ್ಟೆ. ಸ್ಪರ್ಶವೇ ಇಲ್ಲದ ಕಾಲು, ಅವಳಿಗೆ ಗೊತ್ತೇ ಆಗಲಿಲ್ಲ. ಬೊಬ್ಬೆ ಎದ್ದಿತು! ಅಂಥ ಕಾಲಿಗೆ ಶಾಖ ಕೊಡಲೇಬೇಡಿ. ಸ್ನಾನದ ನೀರನ್ನೂ ಮೊದಲು ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿ.

ಎಲ್ಲರೂ ಪೂರ್ತಿ ಗುಣವಾಗುವುದಿಲ್ಲ. ಚೇತರಿಕೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಕಂಡರೂ, ಎರಡು ವರ್ಷದವರೆಗೂ ನಿಧಾನವಾಗಿ ಮುಂದುವರಿಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರ ಪುನಶ್ಚೇತನಕ್ಕೆಂದೇ ವಿಭಾಗವಿದೆ.

ನಾದಿನಿ ಈಗ ವಾಕರ್ ಹಿಡಿದು ಅಡಿಗೆಮನೆಗೆ ಬರುತ್ತಾಳೆ, ಸ್ಟೂಲಿನಲ್ಲಿ ಕೂತು ಚಪಾತಿ ಲಟ್ಟಿಸುತ್ತಾಳೆ. ಆ ಮೂರು ದಿನ ನಾನು ಕಾಯದಿದ್ದರೆ ವಾಕರೂ ಬೇಕಿರಲಿಲ್ಲವೇನೋ ಎಂದು ಮನಸ್ಸು ಇಂದಿಗೂ ಚುಚ್ಚುತ್ತದೆ. ಜೋಮಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ, ಕಷಾಯ ಕಾಯಿಸುತ್ತ ಕೂರಬೇಡಿ. ಆ ದಿನವೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.