ಮುಟ್ಟದೆಯೂ ಕಾಡುವ ವಿದ್ಯುತ್

ಮಕ್ಕಳೇ, ಮಳೆಯಲ್ಲಿ ನೆನೆದ ಗುದ್ದಲಿಗೆ ತುಕ್ಕು ಹಿಡಿಯುವುದನ್ನು ನೀವು ನೋಡಿದ್ದೀರಿ. ಹಾಗಾದರೆ ವರ್ಷಗಟ್ಟಲೆ ಹಸಿ ಮಣ್ಣಿನಲ್ಲಿ ಹೂತಿರುವ ಉಕ್ಕಿನ ಕೊಳವೆಯ ಗತಿ ಏನು?

ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ನೈಸರ್ಗಿಕ ಅನಿಲ ತರುವ ಕೊಳವೆ ಮಾರ್ಗದ ಉದ್ದ ಸುಮಾರು 450 ಕಿ.ಮೀ. ಇದು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇಂತಹ ಕೊಳವೆಗೆ ಸಣ್ಣ ತೂತು ಬಿದ್ದರೂ ಅನಿಲ ಸೋರಿ ಬೆಂಕಿ ಹೊತ್ತಿಕೊಳ್ಳಬಹುದು.

ಆದ್ದರಿಂದ ಕೊಳವೆಗೆ ಎರಡು ಕಾವಲು. ಮೊದಲನೆಯದು ಹೊರಗಿನ ಪ್ಲಾಸ್ಟಿಕ್ ಲೇಪನ. ಎರಡನೆಯದು ವಿದ್ಯುತ್! ತುಕ್ಕು ಹಿಡಿಯುವಾಗ ಕಬ್ಬಿಣವು ಎಲೆಕ್ಟ್ರಾನ್‌ಗಳನ್ನು ಕಳೆದುಕೊಳ್ಳುತ್ತದೆ. ಹೊರಗಿನಿಂದ ಎಲೆಕ್ಟ್ರಾನ್‌ಗಳನ್ನು ಒದಗಿಸುತ್ತಿದ್ದರೆ ಕಬ್ಬಿಣ ಉಳಿಯುತ್ತದೆ. ಅದಕ್ಕಾಗಿ ಕೊಳವೆಯನ್ನು ನೇರ ವಿದ್ಯುತ್ತಿನ ಋಣ ತುದಿಗೆ ಜೋಡಿಸುತ್ತಾರೆ. ಇಲ್ಲವೇ ಸತು ಅಥವಾ ಮೆಗ್ನೀಸಿಯಂ ತುಂಡನ್ನು ಕೊಳವೆಗೆ ಸೇರಿಸುತ್ತಾರೆ. ಆ ಲೋಹ ತಾನು ಸವೆದು ಕೊಳವೆಯನ್ನು ಕಾಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಈ ಉಪಾಯ ತೋರಿಸಿದರು.

ತೊಂದರೆ ಎಲ್ಲಿಂದ ಬರುತ್ತದೆ? ಕೊಳವೆಯ ಪಕ್ಕದಲ್ಲೇ ಬಹುದೂರ ಸಾಗುವ ಹೈಟೆನ್ಷನ್ ತಂತಿಗಳಿಂದ. ಅವುಗಳಲ್ಲಿ ಹರಿಯುವುದು ಪರ್ಯಾಯ ವಿದ್ಯುತ್. ಸೆಕೆಂಡಿಗೆ 50 ಆವರ್ತ. ತಂತಿಯ ಸುತ್ತಲಿನ ಕಾಂತಕ್ಷೇತ್ರವೂ ಹಾಗೆಯೇ ಬದಲಾಗುತ್ತಾ, ಮುಟ್ಟದೆಯೇ ಕೊಳವೆಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಹೀಗೆಯೇ.

ಈ ವಿದ್ಯುತ್ ಲೇಪನ ಕಿತ್ತುಹೋದ ಜಾಗದಿಂದ ಮಣ್ಣಿಗೆ ಇಳಿಯುತ್ತದೆ. ಅಚ್ಚರಿಯೆಂದರೆ, ದೊಡ್ಡ ಗಾಯಕ್ಕಿಂತ ಸಣ್ಣ ಗಾಯವೇ ಹೆಚ್ಚು ಅಪಾಯಕಾರಿ. ನೀರಿನ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ಜೋರಾಗಿ ಚಿಮ್ಮುವುದಿಲ್ಲವೇ? ಹಾಗೆಯೇ ಸಣ್ಣ ಜಾಗದಲ್ಲಿ ವಿದ್ಯುತ್ ಒತ್ತಾಗಿ ಹರಿಯುತ್ತದೆ. ಅದು ಚದರ ಮೀಟರಿಗೆ 100 ಆಂಪಿಯರ್ ಲೆಕ್ಕ ದಾಟಿದರೆ ಅಲ್ಲಿ ಉಕ್ಕು ಸವೆಯುತ್ತದೆಂದೇ ತಿಳಿಯಬೇಕು. 1986ರಲ್ಲಿ ಜರ್ಮನಿಯಲ್ಲಿ ವಿದ್ಯುತ್ ರೈಲು ಮಾರ್ಗದ ಪಕ್ಕದ ಅನಿಲ ಕೊಳವೆಯೊಂದು ಹೀಗೆ ಸವೆದಿತ್ತು. ನೇರ ವಿದ್ಯುತ್ತಿನ ಕಾವಲು ಸರಿಯಾಗಿಯೇ ಇತ್ತು!

ಪರಿಹಾರವೂ ಇದೆ. ಕೊಳವೆಯಿಂದ ಭೂಮಿಗೆ ಸತುವಿನ ಪಟ್ಟಿ ಹೂತು, ನಡುವೆ ಕೆಪಾಸಿಟರ್ ಇರುವ ಸಾಧನವನ್ನು ಇಡುತ್ತಾರೆ. ಅದು ಪರ್ಯಾಯ ವಿದ್ಯುತ್ತನ್ನು ಭೂಮಿಗೆ ಬಿಡುತ್ತದೆ. ಕಾವಲಿನ ನೇರ ವಿದ್ಯುತ್ತನ್ನು ತಡೆದು ಉಳಿಸುತ್ತದೆ.

ಮಾಡಿ ನೋಡಿ: ತೆರಕಣಾಂಬಿಯ ಅಂಗಡಿಯಿಂದ ಎರಡು ಕಬ್ಬಿಣದ ಮೊಳೆ ತಂದು ಉಪ್ಪು ಕಾಗದದಿಂದ ಉಜ್ಜಿ. ಒಂದಕ್ಕೆ ಹೊಸ ಜಿ.ಐ. ತಂತಿಯನ್ನು ಬಿಗಿಯಾಗಿ ಸುತ್ತಿ. ಎರಡನ್ನೂ ಬೇರೆ ಬೇರೆ ಲೋಟದ ಉಪ್ಪುನೀರಿನಲ್ಲಿ ಇಡಿ. ಮೂರು ದಿನ ಗಮನಿಸಿ ಬರೆದಿಡಿ. ಯಾವ ಮೊಳೆಗೆ ಮೊದಲು ತುಕ್ಕು ಹಿಡಿಯಿತು? ತಂತಿಯ ಮೇಲಿರುವ ಯಾವ ಲೋಹ ಇನ್ನೊಂದನ್ನು ಕಾಯಿತು?

ಎಚ್ಚರಿಕೆ: ಮನೆಯ ಕರೆಂಟಿನಿಂದ ಈ ಪ್ರಯೋಗವನ್ನು ಎಂದೂ ಮಾಡಬೇಡಿ.