ಹತ್ತು ಗುಂಟೆ ಅಫೀಮು, ಮರದ ತುಂಬ ಗಿಳಿ

ಗಿಳಿ ಸದ್ದು ಮಾಡಲೇ ಇಲ್ಲ. ನನಗೆ ಇನ್ನೂ ಬೆರಗು ಅದೇ. ನಮ್ಮ ಕಡೆ ಸೂರ್ಯಕಾಂತಿ ಹೊಲಕ್ಕೆ ಗಿಳಿ ಬಿದ್ದರೆ ಅರ್ಧ ಊರಿಗೆ ಕೇಳಿಸುತ್ತದೆ. ಮಧ್ಯಪ್ರದೇಶದ ಮಂದಸೌರ್ ಹತ್ತಿರದ ಆ ಹೊಲದಲ್ಲಿ, ಫೆಬ್ರುವರಿ ಕೊನೆಯ ಒಂದು ಬೆಳಗ್ಗೆ, ಬೇವಿನ ಮರದಿಂದ ಗಿಳಿಯೊಂದು ತೆಪ್ಪಗೆ ಇಳಿಯಿತು. ಅಫೀಮಿನ ಕಾಯನ್ನು ತೊಟ್ಟಿನ ಬುಡದಲ್ಲೇ ಕತ್ತರಿಸಿ, ಕೊಕ್ಕಿನಲ್ಲಿ ಕಚ್ಚಿಕೊಂಡು ವಾಪಸ್ ಮರಕ್ಕೆ ಹೋಯಿತು. ಹೊಲದ ಯಜಮಾನ ಕಲ್ಲು ಬೀರಿ ಸುಮ್ಮನಾದ. ‘ಮೊದಲೆಲ್ಲ ಕಿರುಚುತ್ತಿದ್ದವು ಭಾಯಿಸಾಬ್, ಈಗ ಕಳ್ಳತನ ಕಲಿತಿವೆ’ ಎಂದ.

ಹೊಲ ಎಂದರೆ ಹತ್ತು ಗುಂಟೆ. ಅವನಿಗಿರುವ ಲೈಸೆನ್ಸು ಅಷ್ಟಕ್ಕೇ. ಸುತ್ತ ಬೇಲಿ, ಮೇಲೆ ನೈಲಾನ್ ಬಲೆ, ಮೂಲೆಯಲ್ಲಿ ರಾತ್ರಿ ಕಾವಲಿಗೆ ಒಂದು ಮಂಚ. ಹಿಂದಿನ ದಿನ ಮಧ್ಯಾಹ್ನದ ಮೇಲೆ ಸಣ್ಣ ಅಲಗುಗಳ ಸಾಲಿರುವ ಹತಾರದಿಂದ ಹಸಿರು ಕಾಯಿಗಳಿಗೆ ಗೀರು ಹಾಕಿದ್ದರು. ರಾತ್ರಿಯೆಲ್ಲ ಒಸರಿದ ಹಾಲು ಬೆಳಗಾಗುವಷ್ಟರಲ್ಲಿ ಕಂದು ಅಂಟಾಗಿತ್ತು. ಮನೆಯ ಹೆಂಗಸರು ಸೆರಗಿಗೆ ತಾಗದಂತೆ ಹಿಂದಕ್ಕೆ ಹೆಜ್ಜೆಯಿಡುತ್ತ ಅದನ್ನು ಕೆರೆದು ಪಾತ್ರೆಗೆ ಹಾಕುತ್ತಿದ್ದರು. ದಿನದ ಕೂಡಿಕೆಯ ತೂಕವನ್ನು ಹಳ್ಳಿಯ ಲಂಬರದಾರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಸುಗ್ಗಿ ಮುಗಿದ ಮೇಲೆ ಕೇಂದ್ರ ಮಾದಕವಸ್ತು ಬ್ಯೂರೊ ಅಷ್ಟನ್ನೂ ತೂಗಿ ಕೊಳ್ಳುತ್ತದೆ. ನಿಗದಿಪಡಿಸಿದ್ದಕ್ಕಿಂತ ಇಳುವರಿ ಕಮ್ಮಿಯಾದರೆ ಮುಂದಿನ ವರ್ಷ ಲೈಸೆನ್ಸೇ ಹೋಗಬಹುದು. ಗಿಳಿ ತಿಂದದ್ದಕ್ಕೆ ರಸೀದಿ ಎಲ್ಲಿಂದ ತರುವುದು?

ಹಿಂದಿ ಚಾನೆಲ್‌ಗಳು ಈ ಗಿಳಿಗಳನ್ನು ‘ಅಫೀಮ್‌ಚಿ’ ಎಂದು ಕರೆದು ವರ್ಷವರ್ಷ ಕುಣಿಸುತ್ತವೆ. ಚಟ ಹತ್ತಿದೆ, ಅಮಲಿನಲ್ಲಿ ಕೊಂಬೆಯಿಂದ ಉದುರುತ್ತವೆ ಎಂದೆಲ್ಲ. ನಾನು ಆ ಬೇವಿನ ಕೆಳಗೆ ಹೊತ್ತು ಏರುವವರೆಗೂ ಕತ್ತೆತ್ತಿ ಕೂತೆ. ಒಂದೂ ಉದುರಲಿಲ್ಲ. ಕಾಯಿ ಸೀಳಿ, ಒಳಗಿನ ಎಳೆಬೀಜ ಮುಕ್ಕಿ, ಸಿಪ್ಪೆಯನ್ನು ನನ್ನ ಮೇಲೆ ಬಿಸಾಕುತ್ತಿದ್ದವು, ಅಷ್ಟೆ. ಜೋಳದ ತೆನೆಗೆ ಬೀಳುವ ಹಕ್ಕಿ ಇದಕ್ಕೂ ಬಿದ್ದರೆ ಅದು ಚಟವೋ ಹಸಿವೋ? ನನ್ನ ಮತ ಹಸಿವಿಗೆ. ಆದರೆ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಔಷಧಕ್ಕೆಂದು ಬೆಳೆದ ಇದೇ ಬೆಳೆಗೆ ಕಾಂಗರೂ ಕುಲದ ವಾಲಬಿಗಳು ನುಗ್ಗಿ, ಅಮಲೇರಿ ಗಿರಗಿರನೆ ಸುತ್ತಿ ಬೀಳುತ್ತವೆಂದು 2009ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಲಾರಾ ಗಿಡಿಂಗ್ಸ್ ಸಂಸದೀಯ ಸಮಿತಿಯ ಮುಂದೆಯೇ ಹೇಳಿದ್ದರು. ಉತ್ತರ ಪ್ರದೇಶದ ಗಾಜಿಪುರದ ಅಫೀಮು ಕಾರ್ಖಾನೆಯ ಮಂಗಗಳು ಚರಂಡಿ ನೀರು ಕುಡಿದು ತೂಕಡಿಸುವ ಕತೆಯೂ ಬಹಳ ಹಳೆಯದು. ಮಂಗಗಳ ವಿಷಯದಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ.

ಆ ಗಾಜಿಪುರದ ಕಾರ್ಖಾನೆ 1820ರದ್ದು. ಈಸ್ಟ್ ಇಂಡಿಯಾ ಕಂಪನಿ ಬಂಗಾಳ, ಬಿಹಾರದ ಅಫೀಮನ್ನು ಚೀನಾಕ್ಕೆ ಸಾಗಿಸುವ ವ್ಯಾಪಾರಿಗಳಿಗೆ ಮಾರಿ ಕಾಸು ಮಾಡಿದ್ದು, ಮಾಳ್ವದ ಮಾಲು ಬೊಂಬಾಯಿಯ ಸಾಹುಕಾರರನ್ನು ಬೆಳೆಸಿದ್ದು, 1839ರಲ್ಲಿ ಬ್ರಿಟನ್, ಚೀನಾ ನಡುವೆ ಯುದ್ಧವೇ ಹೊತ್ತಿಕೊಂಡದ್ದು ಎಲ್ಲ ಓದಿದ ವಿಷಯ. ಇಂದು ಕಾನೂನುಬದ್ಧವಾಗಿ ಅಫೀಮಿನ ಅಂಟು ತೆಗೆದು ರಫ್ತು ಮಾಡುವ ದೇಶ ಭಾರತವೊಂದೇ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಬೆಳೆ; ಸಂಸ್ಕರಣೆ ನೀಮಚ್ ಮತ್ತು ಗಾಜಿಪುರದಲ್ಲಿ.

ಈ ಗಿಡದ ಬೀಜವೇ ನಮ್ಮ ಗಸಗಸೆ. ಹಬ್ಬದ ಪಾಯಸಕ್ಕೆ ಹಾಕುತ್ತೇವಲ್ಲ, ಅದೇ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಒಂದೇ ಗಿಡವನ್ನು ಸೀಳಿ ನೋಡುತ್ತದೆ. ಬೀಜಕ್ಕೆ ವಿನಾಯಿತಿ, ಒಣಸಿಪ್ಪೆ ನಿಷಿದ್ಧ. ಅಂಟಾದರೆ 25 ಗ್ರಾಂವರೆಗೆ ‘ಅಲ್ಪ ಪ್ರಮಾಣ’, ಒಂದು ವರ್ಷದವರೆಗೆ ಜೈಲು. ಎರಡೂವರೆ ಕಿಲೋ ದಾಟಿತೆಂದರೆ ಹತ್ತರಿಂದ ಇಪ್ಪತ್ತು ವರ್ಷ. ಅದೇ ಅಂಟಿನ ಮಾರ್ಫಿನ್‌ನಿಂದ ಮಾಡಿದ ಹೆರಾಯಿನ್ ಆದರೆ ಐದು ಗ್ರಾಂ, 250 ಗ್ರಾಂ ಎಂದು ಗೆರೆ ಕೆಳಕ್ಕೆ ಇಳಿಯುತ್ತದೆ. ಲೈಸೆನ್ಸುದಾರ ರೈತ ಬೆಳೆದ ಮಾಲನ್ನು ಬಚ್ಚಿಟ್ಟರೆ 19ನೇ ಸೆಕ್ಷನ್. ಅಲ್ಲಿಯೂ ಹತ್ತರಿಂದ ಇಪ್ಪತ್ತು. (ಪಾಯಸ ಕುಡಿದರೆ ನಿದ್ದೆ ಬರುವುದು ಹೋಳಿಗೆಯ ಕೃಪೆ ಎಂದೇ ನನ್ನ ಗುಮಾನಿ. ಆದರೆ ದುಬೈಗೆ ಹೊರಟ ಮಗನ ಸೂಟ್‌ಕೇಸಿಗೆ ಗಸಗಸೆ ಹಾಕಬೇಡಿ. ಅಲ್ಲಿ ಅದೂ ನಿಷಿದ್ಧ, ಸಿಕ್ಕಿಬಿದ್ದರೆ ಜೈಲು.)

ಮಂದಸೌರ್‌ನ ಆ ರೈತನ ಕೈಯಂಟನ್ನು ಮೂಸಿ ನೋಡಿದೆ. ಒದ್ದೆ ಹುಲ್ಲಿನಂಥ ಭಾರದ ವಾಸನೆ. ಇದು ದೇಹದೊಳಗೆ ಹೋದರೆ ನೋವು ಅಡಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಪ್ರಮಾಣ ಮೀರಿದರೆ ಮಿದುಳು ಉಸಿರಾಡಿಸುವುದನ್ನೇ ಮರೆಯುತ್ತದೆ. ಸಾವು ಬರುವುದು ಹಾಗೆ. ನಲಾಕ್ಸೋನ್ ಎಂಬ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕರೆ ಬದುಕಿಸುತ್ತದೆ. ಚಟ ಹತ್ತಿದವನು ಒಮ್ಮೆಲೇ ಬಿಟ್ಟರೆ ಆಕಳಿಕೆ, ಸುರಿಯುವ ಮೂಗು, ಭೇದಿ, ಮೈಯೆಲ್ಲ ನುಲಿತ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 2.26 ಕೋಟಿ ಮಂದಿ ಅಫೀಮು ಕುಲದ ಯಾವುದೋ ಒಂದನ್ನು ಬಳಸುತ್ತಾರೆ ಎಂದಿತು ಅದು. ಅವರಲ್ಲಿ ಹಸಿ ಅಫೀಮಿನವರಿಗಿಂತ ಹೆರಾಯಿನ್‌ನವರೇ ಹೆಚ್ಚು, ನೋವಿನ ಮಾತ್ರೆಯ ಚಟದವರೂ ಕಮ್ಮಿಯೇನಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ಲೆಕ್ಕಕ್ಕೆ. 1985ರ ಕಾಯ್ದೆ ಬಂದ ಮೇಲಿನ ಹನ್ನೆರಡು ವರ್ಷಗಳಲ್ಲಿ ಭಾರತದ ಆಸ್ಪತ್ರೆಗಳಲ್ಲಿ ನೋವು ನೀಗಿಸುವ ಮಾರ್ಫಿನ್ ಬಳಕೆ ಹೆಚ್ಚೂಕಮ್ಮಿ ಶೇ 97ರಷ್ಟು ಕುಸಿಯಿತು. ಜಗತ್ತಿಗೆಲ್ಲ ಅಫೀಮು ಬೆಳೆದುಕೊಟ್ಟ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಒದ್ದಾಡಿ ಸತ್ತರು. ಒಂದೊಂದು ಬಾಟಲಿಗೂ ಹಲವು ಲೈಸೆನ್ಸು, ಲೆಕ್ಕ ತಪ್ಪಿದರೆ ಜೈಲಿನ ಹೆದರಿಕೆ. ಔಷಧ ಅಂಗಡಿಯವರು ಇಡುವುದನ್ನೇ ಬಿಟ್ಟರು. ಕಳ್ಳಸಾಗಣೆಯವನು ಮಾತ್ರ ಯಾವ ಅರ್ಜಿಯನ್ನೂ ತುಂಬಬೇಕಿರಲಿಲ್ಲ. ಕೇರಳದ ನೋವು ಉಪಶಮನ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಮುಂತಾದವರು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ 2014ರ ತಿದ್ದುಪಡಿ ಬಂತು. ಮಾರ್ಫಿನ್‌ನಂಥ ಅಗತ್ಯ ಔಷಧಗಳಿಗೆ ಈಗ ದೇಶಕ್ಕೆಲ್ಲ ಒಂದೇ ನಿಯಮ. ಮಾನ್ಯತೆ ಪಡೆದ ಆಸ್ಪತ್ರೆ ದಾಸ್ತಾನು ಇಡಬಹುದು. ಆದರೂ ಎಷ್ಟೋ ವೈದ್ಯರ ಕೈ ಚೀಟಿ ಬರೆಯಲು ಇಂದಿಗೂ ಹಿಂಜರಿಯುತ್ತದೆ.

ಚಟದವರ ಪರವಾಗಿಯೂ ಆ ಕಾಯ್ದೆಯಲ್ಲಿ ಒಂದು ಕಿಟಕಿ ಇದೆ, 64ಎ ಸೆಕ್ಷನ್. ಸೇವಿಸಿ ಸಿಕ್ಕಿಬಿದ್ದವನು ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡವನು ತಾನಾಗಿ ಚಿಕಿತ್ಸೆಗೆ ಒಪ್ಪಿ, ಪೂರ್ತಿ ಮುಗಿಸಿದರೆ, ವಿಚಾರಣೆಯಿಂದ ಪಾರಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ಹಣ ಖರ್ಚಿಲ್ಲದೆ ಸಲಹೆ ಸಿಗುತ್ತದೆ. ವಕೀಲರ ಬಳಿಗೆ ಓಡುವ ಮನೆಯವರು 64ಎ ಬಗ್ಗೆ ಮೊದಲ ದಿನವೇ ಕೇಳಲಿ.