ತಂತಿ ಹೋಯಿತು, ತಂಟೆ ಬಂತು

ಗಣೇಶೋತ್ಸವದ ವೇದಿಕೆಯಾಗಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾ ಆಗಲಿ, ಮೈಕಿನವರು ಪೆಟ್ಟಿಗೆ ಬಿಚ್ಚಿದ ಕೂಡಲೇ ಒಂದು ಪಂಕ್ತಿಭೇದ ಶುರುವಾಗುತ್ತದೆ. ಕಾರ್ಡ್‌ಲೆಸ್ ಮೈಕು ಮುಖ್ಯ ಗಾಯಕರಿಗೆ, ಅತಿಥಿಗಳಿಗೆ, ನಿರೂಪಕರಿಗೆ. ತಂತಿಯ ಮೈಕು ಕೋರಸ್ಸಿನವರಿಗೆ. ತಂತಿಯಿಲ್ಲದ್ದೇ ಮೇಲು ಎಂಬ ಈ ನಂಬಿಕೆಗೆ ಧ್ವನಿಯ ದೃಷ್ಟಿಯಿಂದ ಆಧಾರವಿಲ್ಲ. ಶೂರ್ ಕಂಪನಿ 1966ರಲ್ಲಿ ಹೊರತಂದ ಎಸ್‌ಎಂ58 ಇಂದಿಗೂ ಜಗತ್ತಿನ ವೇದಿಕೆಗಳ ಮಾಮೂಲಿ ಮೈಕು. ಅದೇ ಕ್ಯಾಪ್ಸೂಲನ್ನು ತಲೆಗೆ ಕೂರಿಸಿದ ಕಾರ್ಡ್‌ಲೆಸ್ ಕೂಡ ಅದೇ ಕಂಪನಿಯಿಂದ ಸಿಗುತ್ತದೆ. ದನಿ ಹಿಡಿಯುವ ಕಿವಿ ಎರಡರಲ್ಲೂ ಒಂದೇ. ಹಲವು ಪಟ್ಟು ಹೆಚ್ಚು ಕೊಟ್ಟು ನಾವು ಕೊಳ್ಳುವುದು ಒಳ್ಳೆಯ ದನಿಯನ್ನಲ್ಲ, ಆ ದನಿಯನ್ನು ಮಿಕ್ಸರ್‌ವರೆಗೆ ಮುಟ್ಟಿಸುವ ಗಾಳಿಯ ದಾರಿಯನ್ನು. ಆ ದಾರಿ ಎಷ್ಟೇ ಚೆನ್ನಾಗಿದ್ದರೂ ಹತ್ತು ಮೀಟರ್ ತಂತಿ ಮಾಡುವ ಕೆಲಸಕ್ಕೆ ಸಮನಾದೀತು, ಅದನ್ನು ಮೀರಲಾರದು. ಹಾಗಾಗಿ ನಡೆದಾಡಲೇಬೇಕಾದವರ ಕೈಗೆ ಮಾತ್ರ ಕಾರ್ಡ್‌ಲೆಸ್ ಕೊಟ್ಟು, ಉಳಿದವರಿಗೆ ತಂತಿಯ ಮೈಕನ್ನೇ ಇಡುವುದು ಜಾಣತನ.

ಗಾಳಿಯ ದಾರಿಯ ಕಷ್ಟ ಸಣ್ಣದಲ್ಲ. ಹ್ಯಾಂಡ್ ಮೈಕಿನೊಳಗಿನ ಪುಟ್ಟ ಪ್ರಸಾರಯಂತ್ರದ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್. ಪ್ರೇಕ್ಷಕರ ಜೇಬಿನ 4ಜಿ ಫೋನು 200 ಮಿಲಿವ್ಯಾಟ್‌ವರೆಗೂ ಏರಬಲ್ಲದು. ಇಂಥ ಮೈಕು ಹೊರಡಿಸುವ 600 ಮೆಗಾಹರ್ಟ್ಸ್‌ನ ಅಲೆಯ ಉದ್ದ ಅರ್ಧ ಮೀಟರ್. ನೇರ ಬಂದ ಅಲೆಯೂ ಗೋಡೆಗೆ, ಎಲ್‌ಇಡಿ ಪರದೆಗೆ, ಕಬ್ಬಿಣದ ಟ್ರಸ್ಸಿಗೆ ತಾಗಿ ತಿರುಗಿದ ಅಲೆಯೂ ಒಂದನ್ನೊಂದು ಹೊಡೆದುಹಾಕಿದ ಜಾಗದಲ್ಲಿ ಸಿಗ್ನಲ್ ಬತ್ತಿಹೋಗುತ್ತದೆ. ಗಾಯಕ ಒಂದು ಹೆಜ್ಜೆ ಸರಿದರೆ ಮತ್ತೆ ಬರುತ್ತದೆ. ಒಳ್ಳೆಯ ರಿಸೀವರ್‌ಗೆ ಎರಡು ಆಂಟೆನಾ ಇರುವುದು ಇದಕ್ಕೇ, ಒಂದಕ್ಕೆ ಬತ್ತಿದ್ದು ಇನ್ನೊಂದಕ್ಕೆ ಸಿಗಲಿ ಎಂದು. ಆದರೆ ಅದನ್ನು ವೇದಿಕೆಯ ಹಿಂದೆ, ಪೆಟ್ಟಿಗೆಗಳ ಮರೆಯಲ್ಲಿ, ನೆಲದ ಮೇಲಿಟ್ಟರೆ ಎರಡಲ್ಲ, ನಾಲ್ಕಿದ್ದರೂ ಅಷ್ಟೇ.

ಮೈಕುಗಳ ಸಂಖ್ಯೆ ಏರಿದಂತೆ ಜಗಳವೂ ಏರುತ್ತದೆ, ಅದೂ ಲೆಕ್ಕಕ್ಕೆ ಮೀರಿದ ವೇಗದಲ್ಲಿ. 500 ಮತ್ತು 501 ಮೆಗಾಹರ್ಟ್ಸ್‌ನ ಎರಡು ಮೈಕು ಹತ್ತಿರ ಬಂದರೆ 499ರಲ್ಲೂ 502ರಲ್ಲೂ ಎರಡು ಭೂತ ಸಿಗ್ನಲ್ ಹುಟ್ಟಿಕೊಳ್ಳುತ್ತವೆ. ಮೂರು ಮೈಕಿಗೆ ಇಂಥವು ಒಂಬತ್ತು, ನಾಲ್ಕಕ್ಕೆ ಇಪ್ಪತ್ನಾಲ್ಕು. ಸಮಾನ ಅಂತರದಲ್ಲಿ ಚಾನೆಲ್ ಜೋಡಿಸಿದರೆ ಈ ಭೂತಗಳು ನೇರವಾಗಿ ಪಕ್ಕದ ಮೈಕಿನ ಮೇಲೇ ಬಂದು ಕೂರುತ್ತವೆ. ನಾಲ್ಕು ಅಗ್ಗದ ಕಾರ್ಡ್‌ಲೆಸ್‌ಗಿಂತ ಒಂದು ಒಳ್ಳೆಯದೂ ಮೂರು ತಂತಿಯವೂ ಲೇಸು ಎನ್ನುವುದಕ್ಕೆ ಈ ಗಣಿತವೊಂದೇ ಸಾಕು. ಮೇಲಾಗಿ ಬಯಲೇ ಕಿರಿದಾಗುತ್ತಿದೆ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು 2010ರಲ್ಲಿ, 600ರ ಬಹುಭಾಗವನ್ನು 2020ರಲ್ಲಿ ಮೈಕುಗಳಿಂದ ಬಿಡಿಸಿ ಫೋನ್ ಕಂಪನಿಗಳಿಗೆ ಕೊಟ್ಟರು. ಅಲ್ಲಿನ ಚರ್ಚು, ನಾಟಕ ಮಂದಿರಗಳು ಚೆನ್ನಾಗಿಯೇ ಇದ್ದ ಸೆಟ್ಟುಗಳನ್ನು ಮೂಲೆಗೆ ಹಾಕಬೇಕಾಯಿತು. ನಮ್ಮಲ್ಲೂ 2022ರ ಹರಾಜಿನಲ್ಲಿ 700ರ ಪಟ್ಟಿಯ ಒಂದು ಭಾಗ ಜಿಯೋ ಪಾಲಾಯಿತು. ಹಾಗಂತ 2.4 ಗಿಗಾಹರ್ಟ್ಸ್‌ನ ಅಗ್ಗದ ಮೈಕು ಕೊಂಡರೆ, ಅದು ಸಭೆಯ ವೈಫೈ, ಬ್ಲೂಟೂತ್‌ಗಳ ಸಂತೆಯೊಳಗೇ ನುಗ್ಗಬೇಕು. ಖಾಲಿ ಸಭಾಂಗಣದಲ್ಲಿ ಸೌಂಡ್ ಚೆಕ್ ಮಾಡಿದಾಗ ಸರಿಯಿದ್ದದ್ದು ಜನ ತುಂಬಿದ ಮೇಲೆ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ.

ಓಡಾಟದ ಸ್ವಾತಂತ್ರ್ಯ ಬೇಡವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ಹಳೆಯ ಆಸೆ: ಶೂರ್ 1953ರಲ್ಲೇ ತಂದ ತಂತಿರಹಿತ ಮೈಕಿನ ಹೆಸರು ವ್ಯಾಗಬಾಂಡ್, ಅಂದರೆ ಅಲೆಮಾರಿ. ಕುಣಿಯುತ್ತ ಹಾಡುವವರಿಗೆ, ಸಭೆಯೊಳಗೆ ಇಳಿದು ಮಾತಾಡಿಸುವ ನಿರೂಪಕರಿಗೆ ಅದು ಬೇಕೇಬೇಕು. ಆದರೆ ಶಾಸ್ತ್ರೀಯ ಗಾಯಕರು ಕೂತಲ್ಲೇ ಹಾಡುತ್ತಾರೆ. ಭಾವಗೀತೆಯವರು ಪುಸ್ತಕದ ಮುಂದೆ ನಿಲ್ಲುತ್ತಾರೆ. ಯಕ್ಷಗಾನದ ಭಾಗವತರ ಕೈಯಲ್ಲಿ ತಾಳವೋ ಜಾಗಟೆಯೋ ಇರುತ್ತದೆ. ಅವರಿಗೆ ಬೇಕಾದದ್ದು ಅಲುಗದ ಸ್ಟ್ಯಾಂಡು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶಾಕಿನದು. ತಂತಿಯ ಮೈಕಿನ ಲೋಹದ ಮೈ ಕೇಬಲ್ ಮೂಲಕ ಮಿಕ್ಸರ್‌ನ ಅರ್ತಿಗೆ ಸೇರಿರುತ್ತದೆ. ಶಾಮಿಯಾನದ ಎರವಲು ಕರೆಂಟಿನಲ್ಲಿ ಗಿಟಾರ್ ಆಂಪಿಗೆ ಅರ್ತ್ ಸರಿಯಿಲ್ಲದಿದ್ದರೆ, ಬೆರಳು ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇಟ್ಟ ಗಾಯಕನ ಮೈಯೇ ಕರೆಂಟಿನ ಹಾದಿ. ಕಾರ್ಡ್‌ಲೆಸ್ ಅದನ್ನು ಕಡಿಯುತ್ತದೆ, ನಿಜ. ಈ ಒಂದು ಮಾತಿನಲ್ಲಿ ಅದು ತಂತಿಗಿಂತ ಮೇಲು. ಆದರೆ ಕೀಬೋರ್ಡಿನವರು, ಕಬ್ಬಿಣದ ಸ್ಟ್ಯಾಂಡು ಮುಟ್ಟುವ ಹುಡುಗರು ಅದೇ ಅಪಾಯದಲ್ಲೇ ಉಳಿಯುತ್ತಾರಲ್ಲ? ಅಲ್ಲಿ ಮೊದಲು ಬರಬೇಕಾದವನು ಎಲೆಕ್ಟ್ರಿಷಿಯನ್.

ಡಿಜಿಟಲ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅನಲಾಗ್ ಸೆಟ್ಟುಗಳು ದನಿಯನ್ನು ಹಿಂಡಿ ಕಳಿಸಿ ಮತ್ತೆ ಹಿಗ್ಗಿಸುವಾಗ ಕೇಳುತ್ತಿದ್ದ ಉಸಿರಾಟದಂಥ ಸದ್ದು ಡಿಜಿಟಲ್ಲಿನಲ್ಲಿಲ್ಲ. ಮೂರು ಮಿಲಿಸೆಕೆಂಡಿನಷ್ಟು ವಿಳಂಬವೂ ದೊಡ್ಡದಲ್ಲ. ಅಷ್ಟು ಹೊತ್ತಿಗೆ ಶಬ್ದ ಗಾಳಿಯಲ್ಲಿ ಸಾಗುವುದು ಒಂದು ಮೀಟರ್ ಮಾತ್ರ. ಆದರೆ ಅನಲಾಗ್ ಸಾಯುವ ಮುಂಚೆ ಬುಸುಗುಟ್ಟಿ ಎಚ್ಚರಿಸುತ್ತಿತ್ತು, ಡಿಜಿಟಲ್ ಪಲ್ಲವಿಯ ನಡುವೆ ಸದ್ದಿಲ್ಲದೆ ನಿಂತುಬಿಡುತ್ತದೆ.

ಇನ್ನು ಕೈಯ ವಿಷಯ. ಬಹುತೇಕ ಹ್ಯಾಂಡ್ ಮೈಕುಗಳ ಆಂಟೆನಾ ಇರುವುದು ಬುಡದಲ್ಲಿ. ಅಲ್ಲಿ ಮುಷ್ಟಿ ಕಟ್ಟಿದರೆ ಸಿಗ್ನಲ್ ಕೈಯೊಳಗೇ ಕರಗುತ್ತದೆ. ಸ್ಟೈಲಿಗಾಗಿ ಮೇಲಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿದರೆ ಹಿಂದಿನ ಶಬ್ದವನ್ನು ದೂರವಿಡುವ ರಂಧ್ರಗಳು ಮುಚ್ಚಿ, ಸ್ಪೀಕರ್ ಕೂಯ್ ಎನ್ನುತ್ತದೆ. ಹಿಡಿಯಬೇಕಾದ ಜಾಗ ನಡುವೆ. ಸೆಲ್ಲುಗಳನ್ನು ಕಾರ್ಯಕ್ರಮಕ್ಕೊಮ್ಮೆ ಹೊಸದಾಗಿ ಹಾಕಲಿ. ಎಲ್ಲದರ ಮೇಲೆ, ವೇದಿಕೆಯ ಅಂಚಿನಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ, ಮಿಕ್ಸರ್‌ನಲ್ಲಿ ಆಗಲೇ ಜೋಡಿಸಿಟ್ಟ ಒಂದು ತಂತಿಯ ಮೈಕು ಕೈಗೆಟುಕುವಂತಿರಲಿ: ಕಾರ್ಡ್‌ಲೆಸ್ ಕೈಕೊಟ್ಟ ಸಾಲಿನ ಮುಂದಿನ ಸಾಲನ್ನು ಹಾಡುವುದಕ್ಕೆ.